ಜೇನುಪೆಟ್ಟಿಗೆಗೆ ಬಣ್ಣ ಮತ್ತು ಮಳೆ ರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. "ಪೆಟ್ಟಿಗೆಗೆ ಯಾವ ಪೇಂಟ್ ಹೊಡೆಯಲಿ?" ಅನ್ನುವುದೇ ಮೊದಲ ಮಾತು. ಮುಚ್ಚಳ ಹೇಗಿದೆ, ಹಲಗೆ ಒಣಗಿದೆಯಾ ಅಂತ ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಪೆಟ್ಟಿಗೆ ಕೊಳೆಸಿ ಕೊಳೆಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮಲೆನಾಡು ಮತ್ತು ಕರಾವಳಿಯಲ್ಲಿ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಸಾಕುವವರಿಗಾಗಿ ಬರೆದದ್ದು. ಬಯಲುಸೀಮೆಯವರು ಮಳೆಯ ಮಾತನ್ನು ಸ್ವಲ್ಪ ಕಡಿಮೆ ಮಾಡಿಕೊಂಡು, ಬಿಸಿಲಿನ ಮಾತನ್ನು ಜಾಸ್ತಿ ಮಾಡಿಕೊಂಡು ಓದಿ.

ಬಣ್ಣ ಹೊಡೆಯಲೇಬೇಕಾ? ಹಾಗೇ ಇಟ್ಟರೆ ಏನಾಗುತ್ತದೆ?

ಪೆಟ್ಟಿಗೆ ಜಗಲಿಯಲ್ಲೋ ಕೊಟ್ಟಿಗೆಯ ಮಾಡಿನ ಕೆಳಗೋ ಇದ್ದರೆ ಬೇಡವೇ ಬೇಡ. ತೋಟದಲ್ಲಿ ಮಳೆಗೆ ಒಡ್ಡಿ ಇಡುವುದಾದರೆ ಬೇಕು.

ಮರ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ, ಅಗಲಕ್ಕೆ ಆಗುತ್ತದೆ. ವರ್ಷಕ್ಕೊಂದು ಸಲ ಹೀಗೆ ಉಬ್ಬಿ ಕುಗ್ಗಿ ಮೂಲೆಯ ಜೋಡಣೆ ಸಡಿಲವಾಗುತ್ತದೆ. ಸಂದು ಬಿಡುತ್ತದೆ. ಆ ಸಂದಿನಲ್ಲಿ, ಎರಿ (ಜೇನು ಕಟ್ಟುವ ಮೇಣದ ಗೂಡು) ತಿನ್ನುವ ಮೇಣದ ಹುಳು ಮೊಟ್ಟೆ ಇಡುತ್ತದೆ. ಇನ್ನೊಂದು ತೊಂದರೆಯೂ ಇದೆ. ತುಡುವೆ ಪೆಟ್ಟಿಗೆಯಲ್ಲಿ ಎರಿ ಕೂರುವ ಚೌಕಟ್ಟಿಗೂ ಗೋಡೆಗೂ ನಡುವೆ ಜೇನುಹುಳ ಓಡಾಡಲು 7ರಿಂದ 9 ಮಿಲಿಮೀಟರ್ ಜಾಗ ಬಿಟ್ಟಿರುತ್ತಾರೆ. ಹಲಗೆ ಸೊಟ್ಟಗಾದರೆ ಆ ಲೆಕ್ಕವೇ ಕೆಟ್ಟಿತು. ಕಡಿಮೆಯಾದ ಕಡೆ ಮೇಣ ಮೆತ್ತುತ್ತವೆ, ಜಾಸ್ತಿಯಾದ ಕಡೆ ಅಡ್ಡ ಎರಿ ಕಟ್ಟುತ್ತವೆ. ಆಮೇಲೆ ಚೌಕಟ್ಟು ಎತ್ತುವುದೇ ಒಂದು ಯುದ್ಧ.

ಮರ ಕೊಳೆಯುವುದು ಶಿಲೀಂಧ್ರದಿಂದ. ಮರದ ತೇವಾಂಶ ಸುಮಾರು 20 ಶೇಕಡಾಕ್ಕಿಂತ ಕೆಳಗಿದ್ದರೆ ಅದಕ್ಕೆ ಬೆಳೆಯಲು ಆಗುವುದಿಲ್ಲ. ಆದರೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಂಥ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಒಣಗಿರುವುದು ಹೇಗೆ? ಹಾಗಾಗಿ ಮಳೆ ನೇರ ಬಡಿಯದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಬಣ್ಣ ಎರಡನೆಯದು.

ಒಳಗೂ ಬಣ್ಣ ಹೊಡೆದರೆ ಇನ್ನೂ ಗಟ್ಟಿ ಅಲ್ವಾ?

ಬೇಡ. ಖಂಡಿತ ಬೇಡ. ಇದನ್ನು ನಾನು ಮಾಡಿ ನೋಡಿದ್ದೇನೆ. ಶುರುವಿನ ವರ್ಷ ಎರಡು ಪೆಟ್ಟಿಗೆಗೆ ಒಳಗೂ ಹೊರಗೂ ಚಂದ ಮಾಡಿ ಹಸಿರು ಎನಾಮಲ್ ಬಳಿದೆ. ಹದಿನೈದು ದಿನ ಬಿಸಿಲಿಗಿಟ್ಟೆ. ನನ್ನ ಮೂಗಿಗೆ ವಾಸನೆ ಹೋಗಿತ್ತು. ಹಿಂಡು ಕೂರಿಸಿದ ಮೂರನೇ ದಿನ ಮಧ್ಯಾಹ್ನ ಒಂದು ಪೆಟ್ಟಿಗೆ ಖಾಲಿ. ಇನ್ನೊಂದು ಒಂದು ವಾರ ತಡೆಯಿತು, ಆಮೇಲೆ ಅದೂ ಹೋಯಿತು.

ತುಡುವೆಯ ಸ್ವಭಾವವೇ ಹಾಗೆ. ಯುರೋಪಿನ ಮೆಲ್ಲಿಫೆರಾ ಜೇನು ಬೇಸರವಾದರೂ ಅಲ್ಲೇ ಇರುತ್ತದೆ. ತುಡುವೆಗೆ ಇರುವೆ ಬಂದರೆ, ವಾಸನೆ ಹಿಡಿಸದಿದ್ದರೆ, ಸುಮ್ನೆ ಪದೇ ಪದೇ ಪೆಟ್ಟಿಗೆ ತೆರೆದರೂ ಸಾಕು, ಎದ್ದು ಹೋಗಿಬಿಡುತ್ತದೆ. ಪರದೇಶದ ವಿಡಿಯೊ ನೋಡಿ ಪೆಟ್ಟಿಗೆ ಮಾಡುವವರು ಈ ವ್ಯತ್ಯಾಸ ಮರೆಯುತ್ತಾರೆ.

ವಾಸನೆ ಇಲ್ಲದ ಬಣ್ಣವಾದರೂ ಒಳಗೆ ಬೇಡ. ಹುಳಗಳು ಮರಿಗಳ ಜಾಗವನ್ನು 34-35 ಡಿಗ್ರಿ ಬೆಚ್ಚಗೆ ಇಡುತ್ತವೆ. ಮಕರಂದದ ನೀರನ್ನು ರೆಕ್ಕೆ ಬೀಸಿ ಆರಿಸುತ್ತವೆ. ಆ ಆವಿ ಎಲ್ಲಿಗಾದರೂ ಹೋಗಬೇಕಲ್ಲ? ಬರಿ ಮರ ಸ್ವಲ್ಪ ಹೀರಿಕೊಂಡು ನಿಧಾನಕ್ಕೆ ಬಿಡುತ್ತದೆ. ಬಣ್ಣ ಬಳಿದ ಗೋಡೆಯಲ್ಲಿ ಅದು ಹನಿಯಾಗಿ ಇಳಿಯುತ್ತದೆ.

ಹಾಗಾದರೆ ಎಲ್ಲೆಲ್ಲಿ ಹೊಡೆಯಬೇಕು?

ಸಂಸಾರ ಕೋಣೆ (ಮರಿಗಳಿರುವ ಕೆಳಗಿನ ಕೋಣೆ) ಮತ್ತು ಜೇನು ಕೋಣೆಯ (ತುಪ್ಪ ತುಂಬುವ ಮೇಲಿನ ಕೋಣೆ) ಹೊರಮೈ, ಅಡಿಹಲಗೆಯ ಕೆಳಮೈ ಮತ್ತು ಅಂಚು, ಹೊರಮುಚ್ಚಳದ ಹೊರಮೈ. ಅಷ್ಟೇ. ಚೌಕಟ್ಟು, ಒಳಮುಚ್ಚಳ, ಅಡಿಹಲಗೆಯ ಮೇಲ್ಮೈ, ಇವಕ್ಕೆ ಏನೂ ಬೇಡ. ಬಾಗಿಲ ಮುಂದೆ ಹುಳ ಇಳಿಯುವ ಹಲಗೆಯನ್ನೂ ನಾನು ಬರಿದಾಗಿಯೇ ಬಿಡುತ್ತೇನೆ. ನುಣುಪು ಬಣ್ಣದ ಮೇಲೆ ಮಳೆ ಬಿದ್ದಾಗ ಪರಾಗ ಹೊತ್ತು ಬಂದ ಹುಳ ಜಾರುವುದನ್ನು ನೋಡಿದ್ದೇನೆ.

ಕೋಣೆ ಮೇಲೆ ಕೋಣೆ ಕೂರುವ ಅಂಚಿಗೂ ಬಣ್ಣ ಬೇಡ. ಬೇಸಗೆಯಲ್ಲಿ ಬಣ್ಣಕ್ಕೆ ಬಣ್ಣ ಅಂಟಿಕೊಂಡು, ಎತ್ತುವಾಗ "ಟಪ್" ಅನ್ನುತ್ತದೆ. ಆ ಒಂದು ಸದ್ದಿಗೆ ಇಡೀ ಸಂಸಾರ ಎದ್ದು ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯ ಹಲಗೆಯ ಅಡ್ಡ ಕೊಯ್ದ ತುದಿ. ಮರದ ಕೊಳವೆಗಳೆಲ್ಲ ಬಾಯಿ ತೆರೆದಿರುವುದು ಅಲ್ಲಿ. ಮಗ್ಗುಲಿಗಿಂತ ಎಷ್ಟೋ ಪಾಲು ಜಾಸ್ತಿ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಕೊಳೆತ ಯಾವ ಪೆಟ್ಟಿಗೆಯನ್ನಾದರೂ ತಿರುಗಿಸಿ ನೋಡಿ, ಮೂಲೆಯಿಂದಲೇ ಶುರುವಾಗಿರುತ್ತದೆ. ತುದಿಗೆ ಪ್ರೈಮರ್ ಬಳಿಯಿರಿ, ಕುಡಿಯಲು ಬಿಡಿ, ಮತ್ತೆ ಬಳಿಯಿರಿ. ಪೆಟ್ಟಿಗೆ ಜೋಡಿಸುವಾಗಲೇ ಮೂಲೆಗೆ ನೀರು ತಡೆಯುವ ಮರದ ಗೋಂದು ಹಾಕಿ ಮೊಳೆ ಹೊಡೆಸಿದರೆ ಇನ್ನೂ ಒಳ್ಳೆಯದು. ನಮ್ಮ ಆಚಾರಿಗೆ ಇದನ್ನು ಪ್ರತಿ ಸಲ ಹೇಳಬೇಕು. ಪ್ರತಿ ಸಲ ಅವರು "ಅದೆಲ್ಲ ಬೇಡ ಮಾರಾಯ್ರೆ" ಅನ್ನುತ್ತಾರೆ.

ಎನಾಮಲ್ ಒಳ್ಳೆಯದೋ, ಎಮಲ್ಶನ್ ಒಳ್ಳೆಯದೋ?

ಮನೆಯ ಹೊರಗೋಡೆಗೆ ಹೊಡೆಯುವ ನೀರಿನ ಎಮಲ್ಶನ್ ನನ್ನ ಆಯ್ಕೆ. ವಾಸನೆ ಬೇಗ ಹೋಗುತ್ತದೆ, ಬ್ರಶ್ ನೀರಲ್ಲೇ ತೊಳೆಯಬಹುದು. ಒಣಗಿದ ಪದರ ಸ್ವಲ್ಪ ಎಳೆಯುತ್ತದೆ, ಮರದ ಜೊತೆ ಉಬ್ಬಿ ಕುಗ್ಗುತ್ತದೆ. ಒಳಗಿನ ಆವಿ ಹೊರಗೆ ಹೋಗಲೂ ಬಿಡುತ್ತದೆ.

ಎನಾಮಲ್ ಮೊದಲ ವರ್ಷ ಮಿರಮಿರ ಹೊಳೆಯುತ್ತದೆ. ಆದರೆ ಅದು ಗಡುಸು, ಆವಿ ಬಿಡುವುದು ಕಡಿಮೆ. ಒಳಗಿಂದ ಬಂದ ತೇವ ಬಣ್ಣದ ಹಿಂದೆ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದ ಕಡೆ ಮಳೆನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಅರೆಬರೆ ಸಿಪ್ಪೆ ಎದ್ದ ಎನಾಮಲ್‌ಗಿಂತ ಬರಿ ಮರವೇ ವಾಸಿ.

ಮೊದಲು ಒಂದು ಕೈ ವುಡ್ ಪ್ರೈಮರ್, ಮೇಲೆ ಎರಡು ಕೈ ಬಣ್ಣ. ರೆಡ್ ಆಕ್ಸೈಡ್ ಕಬ್ಬಿಣಕ್ಕೆ, ಮರಕ್ಕಲ್ಲ. ನನ್ನ ಲೆಕ್ಕದಲ್ಲಿ ಒಂದು ಲೀಟರ್ ಎಮಲ್ಶನ್‌ನಲ್ಲಿ ಸುಮಾರು ಎಂಟು ತುಡುವೆ ಪೆಟ್ಟಿಗೆಗೆ ಎರಡು ಕೈ ಆಗುತ್ತದೆ.

ಅಟ್ಟದ ಮೇಲೆ ಹಳೇ ಪೇಂಟ್ ಡಬ್ಬ ಇದೆ. ಅದನ್ನೇ ಬಳಸಲಾ?

ಯಾವ ಕಾಲದ್ದು ನೋಡಿ. ಮನೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯದು, ಅದರಲ್ಲೂ ಗಾಢ ಹಳದಿ, ಕೇಸರಿ, ಕೆಂಪು ಎನಾಮಲ್ ಆದರೆ ಬಿಟ್ಟುಬಿಡಿ. ಜೇನು ತಿನ್ನುವ ವಸ್ತು. ನಾಳೆ ಆ ಬಣ್ಣವನ್ನು ಉಜ್ಜುವವರೂ ನೀವೇ, ಧೂಳು ಕುಡಿಯುವವರೂ ನೀವೇ. ಹುಳ ಬರದಂತೆ ಔಷಧಿ ಸೇರಿಸಿದ ಪೇಂಟ್‌ಗಳೂ ಅಂಗಡಿಯಲ್ಲಿವೆ, ಡಬ್ಬದ ಮೇಲಿನದ್ದನ್ನು ಓದಿ. ಜೇನು ಕೂಡ ಒಂದು ಹುಳವೇ.

ಯಾವ ಬಣ್ಣ ಒಳ್ಳೆಯದು? ಜೇನಿಗೆ ಕೆಂಪು ಆಗುವುದಿಲ್ಲವಂತೆ, ನಿಜವೇ?

ಕೆಂಪು ಆಗುವುದಿಲ್ಲ ಅಂತಲ್ಲ, ಕಾಣುವುದಿಲ್ಲ. ಜೇನುನೊಣಕ್ಕೆ ಬಣ್ಣ ತಿಳಿಯುತ್ತದೆ ಎಂದು 1914ರಲ್ಲಿ ಪ್ರಯೋಗ ಮಾಡಿ ತೋರಿಸಿದವರು ಕಾರ್ಲ್ ಫಾನ್ ಫ್ರಿಶ್. 1973ರಲ್ಲಿ ನೊಬೆಲ್ ಬಂತಲ್ಲ, ಅವರೇ. ನೀಲಿ, ಹಸಿರು, ನಮಗೆ ಕಾಣದ ಅತಿನೇರಳೆ, ಇವು ಜೇನಿಗೆ ಕಾಣುತ್ತವೆ. ಕೆಂಪು ಅದಕ್ಕೆ ಕಪ್ಪಿನ ಹಾಗೆ.

ತಿಳಿ ಬಣ್ಣ ಯಾವುದಾದರೂ ಆದೀತು. ತಿಳಿ ಹಳದಿ, ಆಕಾಶ ನೀಲಿ, ಕೆನೆ ಬಣ್ಣ. ಏಪ್ರಿಲ್ ಬಿಸಿಲಿಗೆ ಗಾಢ ಬಣ್ಣದ ಪೆಟ್ಟಿಗೆ ಕಾದು ಒಳಗೆ ಎರಿ ಮೆತ್ತಗಾಗುತ್ತದೆ. ಮೇಣ ಕರಗುವುದು 62 ಡಿಗ್ರಿಯ ಮೇಲೆ, ನಿಜ. ಆದರೆ ತುಪ್ಪ ತುಂಬಿ ಭಾರವಾದ ಎರಿ ಕಳಚಿ ಬೀಳಲು ಅಷ್ಟು ಬಿಸಿ ಬೇಕಿಲ್ಲ. ಅಡಿಕೆ ತೋಟದ ದಟ್ಟ ನೆರಳಲ್ಲಿ ಇಡುವವರಿಗೆ ಈ ಚಿಂತೆ ಇಲ್ಲ.

ಒಂದೇ ಸಾಲಲ್ಲಿ ಹತ್ತು ಪೆಟ್ಟಿಗೆ ಇಟ್ಟರೆ ಎಲ್ಲಕ್ಕೂ ಒಂದೇ ಬಣ್ಣ ಹೊಡೆಯಬೇಡಿ. ಹುಳ ಮನೆ ತಪ್ಪಿ ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ, ಜಗಳವಾಗುತ್ತದೆ. ಎಲ್ಲ ಬಣ್ಣ ತರಲು ದುಡ್ಡು ಯಾಕೆ? ಒಂದೇ ಬಣ್ಣ ಹೊಡೆದು, ಬಾಗಿಲ ಮೇಲೆ ಒಂದಕ್ಕೆ ನೀಲಿ ಪಟ್ಟಿ, ಒಂದಕ್ಕೆ ಬಿಳಿ ಚುಕ್ಕಿ ಹಾಕಿದರೂ ಸಾಕು. ಕಳ್ಳರ ಕಾಟ ಇರುವ ಕಡೆ ಎಲೆ ಹಸಿರು ಹೊಡೆಯುವವರಿದ್ದಾರೆ. ಕರಡಿಗೆ ಮಾತ್ರ ಯಾವ ಬಣ್ಣವೂ ಉಪಯೋಗವಿಲ್ಲ, ಅದು ಮೂಗಿನಿಂದ ಬರುತ್ತದೆ.

ಪೇಂಟ್ ಬೇಡ, ಎಣ್ಣೆ ಹಾಕುತ್ತೇನೆ. ಯಾವುದು?

ಅಗಸೆ ಎಣ್ಣೆ. ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆ. ಮರದೊಳಗೆ ಇಳಿದು ಅಲ್ಲೇ ಕೂರುತ್ತದೆ. ಒಂದು ಲೀಟರ್ ಎಣ್ಣೆಗೆ 50 ಗ್ರಾಂ ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಉಜ್ಜಿ. ನೇರ ಉರಿ ಮೇಲೆ ಇಡಬೇಡಿ. ಹಾರ್ಡ್‌ವೇರ್ ಅಂಗಡಿಯ "ಡಬಲ್ ಬಾಯ್ಲ್ಡ್" ಅಗಸೆ ಎಣ್ಣೆಗೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ. ಅದು ಹೊರಮೈಗೆ ಮಾತ್ರ. ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು, ಮೋಡ ಮುಚ್ಚಿದ ದಿನಗಳಲ್ಲಿ ಇನ್ನೂ ಜಾಸ್ತಿ.

ಒಂದು ಎಚ್ಚರಿಕೆ, ಇದನ್ನು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿ. ಅಡಿಕೆ ಸಿಪ್ಪೆ, ಹುಲ್ಲು ತುಂಬಿದ ಕೊಟ್ಟಿಗೆಯಲ್ಲಿ ಇದು ತಮಾಷೆಯಲ್ಲ.

ಹೊಂಗೆ ಎಣ್ಣೆ, ಬೇವಿನ ಎಣ್ಣೆ ಬೇಡ. ಅವು ಗಟ್ಟಿಯಾಗುವುದಿಲ್ಲ, ಮೈ ಅಂಟಂಟಾಗಿ ಧೂಳು ಹಿಡಿಯುತ್ತದೆ. ಬೇವಂತೂ ಹುಳಗಳ ಮರಿ ಬೆಳೆಯದಂತೆ ತಡೆಯುವ ವಸ್ತು, ಅದನ್ನು ಪೆಟ್ಟಿಗೆಗೆ ಯಾಕೆ?

ಕರಾವಳಿಯವರು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಕೇಳುತ್ತಾರೆ. ದೋಣಿಗೆ, ಮಾಡಿನ ಪಕಾಸಿಗೆ ಹಚ್ಚಿದ್ದು ತಲೆಮಾರು ಬಾಳುತ್ತದೆ, ಒಪ್ಪುತ್ತೇನೆ. ಗೆದ್ದಲೂ ಹತ್ತಿರ ಬರುವುದಿಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ, ವಾಸನೆಯೂ ಖಾರ. ನಾನು ಅದನ್ನು ಪೆಟ್ಟಿಗೆ ಕೂರುವ ಮರದ ಕಾಲುಗಳಿಗೆ ಮಾತ್ರ ಹಚ್ಚುತ್ತೇನೆ. ಅದೂ ಕೈಗವಸು ಹಾಕಿ.

ಗಾಡಿಯ ವೇಸ್ಟ್ ಆಯಿಲ್?

ಪೆಟ್ಟಿಗೆಗೆ ಬೇಡ. ಅದರಲ್ಲಿ ಇಂಜಿನ್ ಸವೆದ ಲೋಹ, ಸುಟ್ಟ ಎಣ್ಣೆಯ ವಿಷ ಎಲ್ಲ ಇರುತ್ತದೆ.

ನೀವು ಮುಚ್ಚಳ ಮುಚ್ಚಳ ಅನ್ನುತ್ತೀರಲ್ಲ, ಅದು ಹೇಗಿರಬೇಕು?

ಇದನ್ನು ಕೇಳಿದಿರಲ್ಲ, ಸಂತೋಷ. ಪೆಟ್ಟಿಗೆಯ ಆಯಸ್ಸಿನ ಮುಕ್ಕಾಲು ಪಾಲು ಮುಚ್ಚಳದಲ್ಲಿದೆ ಅಂತ ನನ್ನ ನಂಬಿಕೆ.

ನಮ್ಮ ಕಡೆ ಬಳಸುವ ನ್ಯೂಟನ್ ಪೆಟ್ಟಿಗೆ (ಸೇಬಿನ ನ್ಯೂಟನ್ ಅಲ್ಲ, 1910ರ ಸುಮಾರಿಗೆ ದಕ್ಷಿಣ ಭಾರತದಲ್ಲಿದ್ದ ಒಬ್ಬ ಪಾದ್ರಿ) ಮಾಡಿನ ಆಕಾರದ ಮುಚ್ಚಳದೊಂದಿಗೂ ಸಿಗುತ್ತದೆ, ಚಪ್ಪಟೆ ಮುಚ್ಚಳದೊಂದಿಗೂ ಸಿಗುತ್ತದೆ. ಮಳೆ ಸೀಮೆಗೆ ಇಳಿಜಾರು ಇದ್ದದ್ದೇ ಸರಿ. ಚಪ್ಪಟೆಯದಾದರೆ ಮೇಲೆ ತಗಡು ಹೊದಿಸಿ. ತಗಡನ್ನು ನಾಲ್ಕೂ ಕಡೆ ಎರಡು ಇಂಚು ಹೊರಗೆ ಚಾಚಿ, ಅಂಚು ಕೆಳಗೆ ಮಡಚಬೇಕು. ಮಡಚದಿದ್ದರೆ ನೀರು ತಗಡಿನ ತಳ ಹಿಡಿದುಕೊಂಡೇ ಒಳಗೆ ತೆವಳಿ ಬರುತ್ತದೆ. ಮೊಳೆಯನ್ನು ಮೇಲಿನಿಂದ ಹೊಡೆಯಬೇಡಿ, ಮಗ್ಗುಲಿಗೆ ಹೊಡೆಯಿರಿ. ಮೇಲೆ ಹೊಡೆದ ಪ್ರತಿ ಮೊಳೆಯೂ ಒಂದೊಂದು ತೂತು.

ತಗಡು ಬಿಸಿಲಿಗೆ ಕಾಯುತ್ತದೆ, ಮಳೆಗೆ ಡಬಡಬ ಬಡಿಯುತ್ತದೆ. ತಗಡಿಗೂ ಹಲಗೆಗೂ ನಡುವೆ ಎರಡು ಅಡಿಕೆ ಹಾಳೆ ಇಟ್ಟರೆ ಎರಡೂ ನಿಂತಿತು. ಹಾಳೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ ಅಲ್ವಾ?

ಮುಚ್ಚಳದ ಪಕ್ಕದಲ್ಲಿ ಜಾಲರಿ ಹಾಕಿದ ಗಾಳಿ ತೂತು ಇರುತ್ತದೆ. ಬಣ್ಣ ಹೊಡೆಯುವಾಗ ಅದು ಮುಚ್ಚಿಹೋಗದಂತೆ ನೋಡಿ. ಇನ್ನು ಪೆಟ್ಟಿಗೆಯನ್ನು ಬಾಗಿಲ ಕಡೆಗೆ ಒಂದು ಬೆರಳು ವಾಲಿಸಿ ಇಡಿ. ಒಳಗೆ ಹೋದ ನೀರು ತಾನೇ ಹೊರಗೆ ಬರುತ್ತದೆ.

ಮಳೆಗಾಲದಲ್ಲಿ ಇಡೀ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದರೆ?

ಹೊರಗಿನ ಮಳೆ ನಿಲ್ಲುತ್ತದೆ, ಒಳಗಿನ ಮಳೆ ಶುರುವಾಗುತ್ತದೆ. ಆಗಸ್ಟ್‌ನಲ್ಲಿ ಬಿಚ್ಚಿ ನೋಡಿದರೆ ಅಂಚಿನ ಎರಿಗಳಿಗೆ ಬೂಸ್ಟು ಹಿಡಿದಿರುತ್ತದೆ. ಪ್ಲಾಸ್ಟಿಕ್ ಬೇಕೇ ಬೇಕೆಂದರೆ ಮುಚ್ಚಳದ ಮೇಲೆ ಕೊಡೆಯ ಹಾಗೆ ಹಾಕಿ, ಪಕ್ಕಗಳನ್ನು ತೆರೆದಿಡಿ. ಅದಕ್ಕಿಂತ ಹಳೇ ಸಿಮೆಂಟ್ ಶೀಟ್ ತುಂಡೋ, ಸೋಗೆಯೋ ವಾಸಿ. ಜೋರು ಗಾಳಿಯ ಜಾಗವಾದರೆ ಮೇಲೊಂದು ಕಲ್ಲು ಹೇರಿ.

ಬಣ್ಣ ಹೊಡೆಯಲು ಯಾವ ತಿಂಗಳು ಒಳ್ಳೆಯದು? ಎಷ್ಟು ದಿನ ಕಾಯಬೇಕು?

ಖಾಲಿ ಪೆಟ್ಟಿಗೆಗೆ ಮಾರ್ಚ್, ಏಪ್ರಿಲ್. ಆಗ ಮರ ವರ್ಷದಲ್ಲೇ ಜಾಸ್ತಿ ಒಣಗಿರುತ್ತದೆ. ಬಣ್ಣ ಹಿಡಿಯುವುದೂ ಆಗಲೇ. ಹಸಿ ಮರಕ್ಕೆ ಬಣ್ಣ ಬಳಿದರೆ ನೀರನ್ನು ಒಳಗೇ ಕೂಡಿ ಹಾಕಿದ ಹಾಗೆ. ಆಚಾರಿ ನಿನ್ನೆ ಕೊಯ್ದ ಹಲಗೆಯಿಂದ ಇವತ್ತು ಪೆಟ್ಟಿಗೆ ಮಾಡಿಕೊಟ್ಟರೆ ಒಂದು ಬೇಸಗೆ ಹಾಗೇ ಇಡಿ.

ಬೇಸಗೆಯಲ್ಲಿ ಹೊಡೆದ ಪೆಟ್ಟಿಗೆಯನ್ನು ಮಳೆಗಾಲ ಇಡೀ ಅಟ್ಟದಲ್ಲಿಟ್ಟರೆ, ಹಿಂಡು ಪಾಲು ಮಾಡುವ ಹೊತ್ತಿಗೆ ಬಣ್ಣದ ನೆನಪೂ ಇರುವುದಿಲ್ಲ. ಅಷ್ಟು ಕಾಯಲಾಗದಿದ್ದರೆ ಎಮಲ್ಶನ್‌ಗೆ ಮೂರು ವಾರ, ಎನಾಮಲ್‌ಗೆ ಎರಡು ತಿಂಗಳು. ಕೂರಿಸುವ ಮೊದಲು ಒಳಗೋಡೆಗೆ ಜೇನುಮೇಣ ಉಜ್ಜಿ, ಹಳೇ ಎರಿಯ ತುಂಡು ಕಟ್ಟಿ. ಮನೆ ಹಳೆಯದು ಅನ್ನಿಸಿದರೆ ಹುಳ ನಿಲ್ಲುತ್ತದೆ.

ಆಮೇಲೆ, ನಿಮ್ಮ ಮೂಗನ್ನು ನಂಬಬೇಡಿ. ಸಂಜೆ ಮುಚ್ಚಳ ಮುಚ್ಚಿಟ್ಟು, ಮರುದಿನ ಬಿಸಿಲೇರಿದ ಮೇಲೆ ತೆರೆದು ತಲೆ ಒಳಗಿಟ್ಟು ಮೂಸಿ. ಆಗಲೂ ವಾಸನೆ ಬಂದರೆ ಇನ್ನೂ ಹತ್ತು ದಿನ.

ಹುಳ ಇರುವ ಪೆಟ್ಟಿಗೆಗೆ ಬಣ್ಣ ಹೊಡೆಯಬಹುದಾ?

ಬೇಡ. ಒಂದು ಖಾಲಿ ಪೆಟ್ಟಿಗೆ ಯಾವತ್ತೂ ಹೆಚ್ಚಿಗೆ ಇಟ್ಟುಕೊಳ್ಳಿ. ತುಪ್ಪದ ಕಾಲ ಮುಗಿಯುವ ಮೊದಲು, ಸಂಜೆ ಹೊತ್ತು, ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಬಾಗಿಲಿಟ್ಟು ಚೌಕಟ್ಟುಗಳನ್ನು ಅದೇ ಕ್ರಮದಲ್ಲಿ ಹೊಸ ಪೆಟ್ಟಿಗೆಗೆ ದಾಟಿಸಿ. ಖಾಲಿಯಾದದ್ದನ್ನು ತೊಳೆದು ಒಣಗಿಸಿ ಬಣ್ಣ ಹೊಡೆಯಿರಿ. ವರ್ಷಕ್ಕೆ ಎರಡು ಮೂರು ಪೆಟ್ಟಿಗೆ ಹೀಗೆ ತಿರುಗಿಸಿದರೆ ಸಾಕು.

ಹಳೇ ಪೆಟ್ಟಿಗೆ ಕಡಿಮೆ ದುಡ್ಡಿಗೆ ಸಿಕ್ಕಿದೆ. ಬಣ್ಣ ಹೊಡೆದು ಬಳಸಲಾ?

ಬಣ್ಣ ಕೊನೆಗೆ. ಮೊದಲು ಹಳೇ ಎರಿ, ಮೇಣದ ಹುಳುವಿನ ಗೂಡು ಎಲ್ಲ ಕೆರೆದು ಸುಟ್ಟುಬಿಡಿ. ವಾಷಿಂಗ್ ಸೋಡಾ ಕರಗಿಸಿದ ನೀರಲ್ಲಿ ತಿಕ್ಕಿ ತೊಳೆದು, ಬಿಸಿಲಲ್ಲಿ ಒಣಗಿಸಿ. ಆಮೇಲೆ ಬ್ಲೋ ಲ್ಯಾಂಪ್‌ನಲ್ಲಿ ಒಳಮೈ, ಮೂಲೆ, ಸಂದುಗಳನ್ನು ತಿಳಿ ಕಂದು ಬರುವವರೆಗೆ ಕಾಯಿಸಿ. 1990ರ ದಶಕದ ಶುರುವಿನಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದಾಗ ನಮ್ಮ ಕಡೆ ತುಡುವೆ ಸಾಕಣೆ ಹೆಚ್ಚುಕಡಿಮೆ ನೆಲ ಕಚ್ಚಿತ್ತು. ಆ ವರ್ಷಗಳನ್ನು ಕಂಡ ಹಿರಿಯರು ಈಗಲೂ ಯಾರದೋ ಪೆಟ್ಟಿಗೆಯನ್ನು ಬೆಂಕಿ ತೋರಿಸದೆ ಮನೆಗೆ ತರುವುದಿಲ್ಲ.

ಹಲಗೆಯ ಬಿಳಿ ಭಾಗದಲ್ಲಿ ಕುಟ್ಟೆ (ಮರ ಕೊರೆಯುವ ಹುಳ) ಹಿಡಿದು ಹಿಟ್ಟು ಉದುರುತ್ತಿದ್ದರೆ ಕೊಳ್ಳಲೇಬೇಡಿ. ಅದಕ್ಕೆ ಔಷಧಿ ಹೊಡೆದರೆ ಜೇನು ಸಾಯುತ್ತದೆ, ಹೊಡೆಯದಿದ್ದರೆ ಪೆಟ್ಟಿಗೆ ಸಾಯುತ್ತದೆ.

ಪ್ಲೈವುಡ್ ಪೆಟ್ಟಿಗೆ ಅಗ್ಗ ಅಲ್ವಾ?

ಅಗ್ಗ. ಆದರೆ ಗೆದ್ದಲು, ಕುಟ್ಟೆ ಬರುವುದಿಲ್ಲ ಅಂತ ಜಾಹೀರಾತು ಮಾಡುವ ಪ್ಲೈವುಡ್‌ನಲ್ಲಿ ಕೀಟನಾಶಕ ಬೆರೆಸಿರುತ್ತಾರೆ, ಕೆಲವದರಲ್ಲಿ ಅಂಟಿನಲ್ಲೇ. ಸಾದಾ ಪ್ಲೈವುಡ್ ಆದರೆ ನಮ್ಮ ಮಳೆಗೆ ಎರಡೇ ವರ್ಷಕ್ಕೆ ಪದರ ಬಿಡುತ್ತದೆ. ತೇಗ, ಹಲಸಿನ ಚೇಗು (ಮರದ ನಡುವಿನ ಗಟ್ಟಿ ಭಾಗ) ಸಿಕ್ಕರೆ ಅದೃಷ್ಟ. ಸಿಲ್ವರ್ ಓಕ್, ಮಾವು ಸಿಕ್ಕರೂ ಚೆನ್ನಾಗಿ ಒಣಗಿಸಿ, ಬಣ್ಣ ಹೊಡೆದು, ಒಳ್ಳೆ ಮುಚ್ಚಳ ಹಾಕಿದರೆ ಬಾಳುತ್ತದೆ.

ನ್ಯೂಜಿಲೆಂಡ್‌ನಲ್ಲಿ ಪೆಟ್ಟಿಗೆಯನ್ನು ಬಿಸಿ ಮೇಣದಲ್ಲಿ ಮುಳುಗಿಸುತ್ತಾರಂತೆ?

ಹೌದು. ಪ್ಯಾರಾಫಿನ್ ಮೇಣವನ್ನು 150-160 ಡಿಗ್ರಿಗೆ ಕಾಯಿಸಿ, ಪೆಟ್ಟಿಗೆಯನ್ನು ಹತ್ತು ನಿಮಿಷ ಮುಳುಗಿಸುತ್ತಾರೆ. ಮರದ ಒಳಗಿನ ನೀರು ಕುದಿದು ಹೊರಬಂದು, ಆ ಜಾಗಕ್ಕೆ ಮೇಣ ಹೋಗುತ್ತದೆ. ರೋಗಾಣುವೂ ಸಾಯುತ್ತದೆ. ಬಹಳ ಒಳ್ಳೆಯ ವಿಧಾನ, ಸಾವಿರಾರು ಪೆಟ್ಟಿಗೆ ಇರುವವರಿಗೆ. ಮನೆ ಹಿಂದೆ ಒಲೆ ಹೂಡಿ ಮಾಡುವ ಕೆಲಸವಲ್ಲ. ಒದ್ದೆ ಹಲಗೆ ಬಿದ್ದರೆ ಮೇಣ ಉಕ್ಕಿ ಬೆಂಕಿಗೆ ಸುರಿಯುತ್ತದೆ.

ಮುಜಂಟಿ ಪೆಟ್ಟಿಗೆಗೂ ಇದೇ ಕ್ರಮವಾ?

ಮುಜಂಟಿ, ಅಂದರೆ ಚುಚ್ಚದ ಪುಟ್ಟ ಜೇನು, ತಾನೇ ಮರದ ಅಂಟು ತಂದು ಸಂದು ಮುಚ್ಚಿಕೊಳ್ಳುತ್ತದೆ, ನಮಗಿಂತ ಒಳ್ಳೆ ಕೆಲಸಗಾರ. ದಪ್ಪ ಹಲಗೆ ಬಳಸಿ, ಮಾಡಿನ ಕೆಳಗೆ ನೇತುಹಾಕಿ. ಬಣ್ಣ ಬೇಡ.

ಕಾಲಿನ ಬುಡಕ್ಕೆ ನೀರಿನ ಬಟ್ಟಲು ಇಟ್ಟರೂ ಇರುವೆ ಬರುತ್ತದೆ. ಬಣ್ಣದಲ್ಲಿ ಏನಾದರೂ ಸೇರಿಸಬಹುದಾ?

ಬಣ್ಣಕ್ಕೆ ಏನೂ ಸೇರಿಸಬೇಡಿ. ಬಟ್ಟಲಿಗೆ ಬಿದ್ದ ಎಲೆ, ತಾಗಿದ ಹುಲ್ಲು ಇರುವೆಗೆ ಸೇತುವೆ. ವಾರಕ್ಕೊಮ್ಮೆ ತೆಗೆಯಿರಿ, ನೀರನ್ನೂ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಕಾಲಿನ ನಡುವೆ ಒಂದು ಪಟ್ಟಿ ಗ್ರೀಸ್ ಹಚ್ಚಬಹುದು.

ಎಷ್ಟು ವರ್ಷಕ್ಕೊಮ್ಮೆ ಬಣ್ಣ ಹೊಡೆಯಬೇಕು?

ಕ್ಯಾಲೆಂಡರ್ ನೋಡಬೇಡಿ, ಪೆಟ್ಟಿಗೆ ನೋಡಿ. ಮಳೆಗಾಲ ಮುಗಿದ ಮೇಲೆ ಹೊರಮೈಗೆ ನೀರು ಚಿಮುಕಿಸಿ. ಹನಿ ಮುತ್ತಿನಂತೆ ನಿಂತು ಜಾರಿದರೆ ಇನ್ನೊಂದು ವರ್ಷ ಬಿಡಿ. ಹರಡಿಕೊಂಡು ಮರ ಕಪ್ಪಾದರೆ ಸಮಯ ಬಂದಿದೆ. ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಅಗಸೆ ಎಣ್ಣೆಯದ್ದಾದರೆ ಪ್ರತಿ ವರ್ಷ. ಹಳೇ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ಕೆರೆಯುವ ಅಗತ್ಯವಿಲ್ಲ, ಎದ್ದ ಸಿಪ್ಪೆ ಮಾತ್ರ ತೆಗೆದು ಪಾಲಿಶ್ ಪೇಪರ್ ಹಾಕಿ ಮೇಲೆ ಒಂದು ಕೈ ಹೊಡೆಯಿರಿ. ನೀರು ಚಿಮುಕಿಸುವಾಗ ಮೂಲೆಗಳನ್ನು ಬೆರಳಲ್ಲಿ ಒತ್ತಿ ನೋಡಿ. ಉಗುರು ಒಳಗಿಳಿದರೆ ಬ್ರಶ್ ಕೆಳಗಿಟ್ಟು ಆಚಾರಿಗೆ ಫೋನ್ ಮಾಡಿ.